ಈಜುಕೊಳ ಕೌನ್ಸಿಲ್‌ದು, ನಡೆಸುವುದು ಕಂಪನಿ: ಸುರಕ್ಷತೆಗೆ ಯಾರನ್ನು ಕೇಳಬೇಕು?

ಪ್ರಶ್ನೆ: ನಾವು ಇಂಗ್ಲೆಂಡಿಗೆ ಬಂದು ನಾಲ್ಕು ವರ್ಷ ಆಯಿತು. 7 ವರ್ಷದ ಮಗಳು ಪ್ರತಿ ಶನಿವಾರ ಇಲ್ಲಿನ ಲೆಷರ್ ಸೆಂಟರ್‌ನಲ್ಲಿ ಈಜು ಕಲಿಯುತ್ತಾಳೆ. ಹೊರಗಿನ ಬೋರ್ಡಿನಲ್ಲಿ ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತದ ಹೆಸರಿದೆ. ಒಳಗಿನ ಸಿಬ್ಬಂದಿಯ ಟೀ ಶರ್ಟ್ ಮೇಲೆ ಒಂದು ಕಂಪನಿಯ ಹೆಸರಿದೆ. ಕಳೆದ ತಿಂಗಳು ಕೊಳದ ಅಂಚಿನಲ್ಲಿ ಒಡೆದಿದ್ದ ಟೈಲ್ ತಾಗಿ ಮಗಳ ಪಾದ ಕೊಯ್ದುಹೋಯಿತು. ಅವತ್ತು ಇಡೀ ಕೊಳಕ್ಕೆ ಒಬ್ಬನೇ ಲೈಫ್‌ಗಾರ್ಡ್ ಇದ್ದ. ಮ್ಯಾನೇಜರ್‌ಗೆ ಹೇಳಿದರೆ "ಕಟ್ಟಡ ಕೌನ್ಸಿಲ್‌ದು, ಅವರಿಗೆ ಹೇಳಿ" ಎಂದರು. ಕೌನ್ಸಿಲ್‌ಗೆ ಮೇಲ್ ಮಾಡಿದರೆ "ಅದನ್ನು ನಡೆಸುವವರು ಕಂಪನಿಯವರು, ಅವರನ್ನೇ ಸಂಪರ್ಕಿಸಿ" ಎಂಬ ಉತ್ತರ ಬಂತು. ಹೊಣೆ ನಿಜಕ್ಕೂ ಯಾರದು? ಕೌನ್ಸಿಲ್ ಏನನ್ನು ನೋಡಿಕೊಳ್ಳಬೇಕು? ನಮ್ಮಂಥವರು ಏನು ಕೇಳಬಹುದು?

ಉತ್ತರ: ಮಗಳ ಪಾದ ಈಗ ವಾಸಿಯಾಗಿದೆ ಅಂದುಕೊಳ್ಳುತ್ತೇನೆ. ಅವಳನ್ನು ಈಜು ಬಿಡಿಸಬೇಡಿ. ನೀವು ಕೇಳಿದ್ದು ಒಂದು ಟೈಲ್ ಬಗ್ಗೆ. ಆದರೆ ನಾನು ಹನ್ನೊಂದು ವರ್ಷ ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ ಮಾಡಿದ ಕೆಲಸವೇ ಇದು. ನಮ್ಮ ಈಜುಕೊಳಗಳನ್ನು ಗುತ್ತಿಗೆಗೆ ಪಡೆದ ಕಂಪನಿ ಒಪ್ಪಂದದ ಪ್ರಕಾರ ನಡೆಸುತ್ತಿದೆಯೇ ಎಂದು ನೋಡುವುದು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲ ಪ್ರಶ್ನೆಗೆ ನೇರ ಉತ್ತರ: ಹೊಣೆ ಇಬ್ಬರದೂ. ನಿಮ್ಮನ್ನು ಒಬ್ಬರಿಂದ ಇನ್ನೊಬ್ಬರ ಬಳಿ ಅಟ್ಟುವ ಹಕ್ಕು ಇಬ್ಬರಿಗೂ ಇಲ್ಲ.

ಈ ಏರ್ಪಾಡು ಹೇಗೆ ಬಂತು ಅಂತ ಮೊದಲು ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಊರಿನ ಈಜುಕೊಳ, ಆಟದ ಹಾಲ್, ಜಿಮ್‌ಗಳನ್ನು ಹಿಂದೆ ಕೌನ್ಸಿಲ್‌ಗಳೇ ಕಟ್ಟಿ, ತಮ್ಮದೇ ಸಿಬ್ಬಂದಿ ಇಟ್ಟು ನಡೆಸುತ್ತಿದ್ದವು. 1988ರ ಸ್ಥಳೀಯ ಸರ್ಕಾರ ಕಾಯ್ದೆ ಕೆಲವು ಕೆಲಸಗಳಿಗೆ ಟೆಂಡರ್ ಕರೆಯಲೇಬೇಕು ಎಂದು ಕಡ್ಡಾಯ ಮಾಡಿತು. ಮಾರನೇ ವರ್ಷ ಕ್ರೀಡಾ ಕೇಂದ್ರಗಳ ನಿರ್ವಹಣೆಯೂ ಆ ಪಟ್ಟಿಗೆ ಸೇರಿತು. ಆ ಕಡ್ಡಾಯ ಈಗಿಲ್ಲ. 1999ರ ಕಾಯ್ದೆ ಅದನ್ನು ತೆಗೆದುಹಾಕಿತು. ಅಭ್ಯಾಸ ಮಾತ್ರ ಉಳಿಯಿತು. ಇವತ್ತು ಎಷ್ಟೋ ಊರುಗಳಲ್ಲಿ ಕಟ್ಟಡ ಕೌನ್ಸಿಲ್‌ದು, ನಡೆಸುವುದು ಒಂದು ಕಂಪನಿ ಅಥವಾ ಟ್ರಸ್ಟ್. ಬೆಂಗಳೂರಿನಲ್ಲಿ ಪಾಲಿಕೆಯ ಈಜುಕೊಳವನ್ನು ಟೆಂಡರ್ ಕರೆದು ಗುತ್ತಿಗೆಗೆ ಕೊಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಇಲ್ಲಿನ ಒಪ್ಪಂದಗಳು ಹತ್ತು, ಹದಿನೈದು ವರ್ಷ ಓಡುತ್ತವೆ. ಕಾಗದ ಜಾಸ್ತಿ ದಪ್ಪ.

ಇನ್ನೊಂದು ವಿಷಯ ಗೊತ್ತಿರಲಿ. ಈಜುಕೊಳ ನಡೆಸುವುದು ಕೌನ್ಸಿಲ್‌ಗೆ ಕಡ್ಡಾಯ ಅಲ್ಲ. 1976ರ ಒಂದು ಕಾಯ್ದೆ "ನಡೆಸಬಹುದು" ಎಂದಷ್ಟೇ ಹೇಳುತ್ತದೆ. ಅದಕ್ಕೇ ದುಡ್ಡು ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇಲ್ಲಿ. 2022ರಲ್ಲಿ ಗ್ಯಾಸ್, ಕರೆಂಟ್ ದರ ಏರಿದಾಗ ಈಜುಕೊಳಗಳಿಗೆ ಬಿದ್ದ ಪೆಟ್ಟು ನಿಮಗೂ ನೆನಪಿರಬಹುದು. ನೀರು ಬೆಚ್ಚಗಿಡಲೇಬೇಕು, ಪಂಪು ಓಡಲೇಬೇಕು. ಆಗ ಕಂಪನಿ ಉಳಿಸಲು ಸಾಧ್ಯವಾಗುವುದು ಜನರ ಗಂಟೆಗಳಲ್ಲಿ, ತರಬೇತಿಯಲ್ಲಿ, ರಿಪೇರಿಯಲ್ಲಿ. ಈ ಮೂರೂ ಸುರಕ್ಷತೆಯ ಬೇರುಗಳು.

ಈಗ ಕಾನೂನು. 1974ರ ಹೆಲ್ತ್ ಅಂಡ್ ಸೇಫ್ಟಿ ಕಾಯ್ದೆ ಇಲ್ಲಿನ ಮೂಲ ಕಾಯ್ದೆ. ಅದರ 3ನೇ ಸೆಕ್ಷನ್ ಹೇಳುವುದು ಇಷ್ಟು: ನೀವು ಒಂದು ಉದ್ಯಮ ನಡೆಸುತ್ತಿದ್ದರೆ ನಿಮ್ಮ ನೌಕರರಲ್ಲದವರಿಗೂ ಅದರಿಂದ ಅಪಾಯ ಆಗದ ಹಾಗೆ, ಸಾಧ್ಯವಿರುವಷ್ಟು ಮಟ್ಟಿಗೆ ನೋಡಿಕೊಳ್ಳಬೇಕು. ಇದು ಕಂಪನಿಗೆ ಅನ್ವಯಿಸುತ್ತದೆ. ಈಜುಕೊಳವನ್ನು ಜನರಿಗಾಗಿ ಇಟ್ಟಿರುವ ಕೌನ್ಸಿಲ್ ಕೂಡ ಇದರಿಂದ ಪೂರ್ತಿ ಹೊರಗುಳಿಯುವುದಿಲ್ಲ. 4ನೇ ಸೆಕ್ಷನ್ ನಿಮ್ಮ ಟೈಲ್‌ಗೆ ಸೀದಾ ಸಂಬಂಧಿಸಿದ್ದು. ಕಟ್ಟಡ ಯಾರ ಹಿಡಿತದಲ್ಲಿದೆಯೋ ಅವರು ಅದನ್ನು ಅಪಾಯವಿಲ್ಲದ ಹಾಗೆ ಇಡಬೇಕು. ಯಾರ ಹಿಡಿತ ಎಂದು ತೀರ್ಮಾನಿಸುವುದು ಹೇಗೆ? ಒಪ್ಪಂದದಲ್ಲಿ ಅಥವಾ ಬಾಡಿಗೆ ಪತ್ರದಲ್ಲಿ ಯಾರು ರಿಪೇರಿಯ ಹೊಣೆ ಹೊತ್ತಿದ್ದಾರೋ, ಆ ಹೊಣೆಯ ಮಟ್ಟಿಗೆ ಅವರದೇ ಹಿಡಿತ ಎಂದು ಕಾಯ್ದೆಯೇ ಹೇಳುತ್ತದೆ.

ಅಂದರೆ ನಿಮ್ಮ ಟೈಲ್‌ಗೆ ಉತ್ತರ ಒಂದು ಕಾಗದದಲ್ಲಿ ಬರೆದಿಟ್ಟಿದೆ. ಪ್ರತಿ ಒಪ್ಪಂದದ ಹಿಂಬದಿಯಲ್ಲಿ ರಿಪೇರಿ ಪಟ್ಟಿ ಅಂತ ಒಂದಿರುತ್ತದೆ. ಒಂದು ಕಡೆ ಚಾವಣಿ, ಅಡಿಪಾಯ, ಬಾಯ್ಲರ್, ಪಂಪು, ಫಿಲ್ಟರ್, ಟೈಲ್, ಬಾಗಿಲು, ಬಲ್ಬು. ಇನ್ನೊಂದು ಕಡೆ ಕೌನ್ಸಿಲ್ ಅಥವಾ ಕಂಪನಿ ಎಂದು ಗುರುತು. ನೋಡಲು ಸರಳ. ಜಗಳ ಶುರುವಾಗುವುದು ನಡುವಿನ ಸಾಲುಗಳಲ್ಲಿ. ಒಂದೆರಡು ಟೈಲ್ ಒಡೆದರೆ ಕಂಪನಿ ಸರಿಮಾಡಬೇಕು. ಇಡೀ ಕೊಳದ ಟೈಲ್ ಬದಲಿಸುವುದಾದರೆ ಕೌನ್ಸಿಲ್. ಹಾಗಾದರೆ ನಲವತ್ತು ಟೈಲ್ ಸಡಿಲವಾದರೆ ಯಾರು? ಕೆಳಗಿನ ಗಾರೆ ಸೋರಿ ಟೈಲ್ ಏಳುತ್ತಿದ್ದರೆ ಯಾರು? ಪತ್ರಗಳು ಆ ಕಡೆ ಈ ಕಡೆ ಓಡಾಡುತ್ತವೆ. ಟೈಲ್ ಹಾಗೇ ಇರುತ್ತದೆ. ನಿಮ್ಮ ಮಗಳ ಪಾದ ತಾಗಿದ್ದು ಬಹುಶಃ ಅಂಥದ್ದೇ ಒಂದು ಟೈಲ್‌ಗೆ. ನಾನು ಕೆಲಸದಲ್ಲಿದ್ದಾಗ ಒಂದು ನಿಯಮ ಬರೆಸಲು ಎರಡು ವರ್ಷ ಹೋರಾಡಿದೆ. ಜನರಿಗೆ ಗಾಯವಾಗಬಹುದಾದ ಯಾವುದೇ ದೋಷ ಕಂಡ ದಿನವೇ ಕಂಪನಿ ಅದನ್ನು ಸರಿಮಾಡಬೇಕು, ಆಗದಿದ್ದರೆ ಆ ಜಾಗ ಮುಚ್ಚಬೇಕು, ಖರ್ಚು ಯಾರದೆಂಬ ಚರ್ಚೆ ಆಮೇಲೆ. ಸಾಮಾನ್ಯ ತಿಳಿವಳಿಕೆ ಅನಿಸುತ್ತದೆ, ಅಲ್ವಾ? ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ ನಡೆಯುವುದಿಲ್ಲ.

ಮಾಲೀಕ ಒಬ್ಬ, ನಡೆಸುವವನು ಇನ್ನೊಬ್ಬ ಎಂಬ ಏರ್ಪಾಡಿನಲ್ಲಿ ಕೆಟ್ಟದ್ದು ಎಷ್ಟು ದೂರ ಹೋಗಬಹುದು ಎಂದು ಹೇಳಲು ಹಳೆಯ ಒಂದು ಘಟನೆ ನೆನಪಿಸಬೇಕು. ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್ ಪಟ್ಟಣದಲ್ಲಿ ಸಮರ್‌ಲ್ಯಾಂಡ್ ಎಂಬ ದೊಡ್ಡ ಮನರಂಜನಾ ಕೇಂದ್ರ ಇತ್ತು. 1971ರಲ್ಲಿ ತೆರೆದದ್ದು. ಕಟ್ಟಿಸಿದ್ದು ಪಟ್ಟಣದ ಕಾರ್ಪೊರೇಷನ್. ನಡೆಸಲು ಗುತ್ತಿಗೆ ಪಡೆದದ್ದು ಟ್ರಸ್ಟ್ ಹೌಸಸ್ ಫೋರ್ಟೆ ಕಂಪನಿ. ಹೊರಗೆ ಮಳೆ, ಚಳಿ ಏನೇ ಇರಲಿ, ಒಳಗೆ ಬೇಸಿಗೆ ಇರಬೇಕು ಎಂಬ ಕನಸು. ಅದಕ್ಕೆ ಗೋಡೆಗೂ ಚಾವಣಿಗೂ ಓರೊಗ್ಲಾಸ್ ಎಂಬ ಪಾರದರ್ಶಕ ಅಕ್ರಿಲಿಕ್ ಹಾಳೆ ಬಳಸಿದ್ದರು. 1973ರ ಆಗಸ್ಟ್ 2ರ ಸಂಜೆ ಹೊರಗಿನ ಮಿನಿ ಗಾಲ್ಫ್ ಜಾಗದ ಒಂದು ಗೂಡಂಗಡಿಗೆ ಬೆಂಕಿ ಬಿತ್ತು. ಅಲ್ಲಿ ಸಿಗರೇಟು ಸೇದುತ್ತಿದ್ದ ಹುಡುಗರಿಂದ ಹೊತ್ತಿದ್ದು ಅದು. ಬೆಂಕಿ ಕಟ್ಟಡಕ್ಕೆ ಹರಡಿತು. ಒಳಗೆ ಸುಮಾರು 3,000 ಜನ ಇದ್ದರು. 50 ಜನ ಸತ್ತರು.

ಆಮೇಲೆ ನಡೆದ ವಿಚಾರಣೆಯ ವರದಿ 1974ರಲ್ಲಿ ಬಂತು. ಅದರಲ್ಲಿ ಕಂಡದ್ದು ಒಂದು ದೊಡ್ಡ ಅಪರಾಧವಲ್ಲ. ಸಾಲು ಸಾಲು ಸಣ್ಣ ಕುರುಡುತನಗಳು. ಹೊರಗೋಡೆ ಬೆಂಕಿ ತಡೆಯಬೇಕು ಎಂಬ ಕಟ್ಟಡ ನಿಯಮಕ್ಕೆ ವಿನಾಯಿತಿ ಕೊಟ್ಟಿದ್ದರು. ಅಗ್ನಿಶಾಮಕ ದಳಕ್ಕೆ ಕರೆ ಹೋಗುವುದು ತಡವಾಯಿತು. ಹೊರಹೋಗುವ ಕೆಲವು ಬಾಗಿಲುಗಳಿಗೆ ಬೀಗ ಹಾಕಿತ್ತು. ಜನರನ್ನು ಹೊರಗೆ ಕಳುಹಿಸುವುದು ಹೇಗೆಂದು ಸಿಬ್ಬಂದಿಗೆ ಸರಿಯಾಗಿ ಕಲಿಸಿರಲಿಲ್ಲ. ಬೇರೆ ಮಹಡಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಹುಡುಕಿಕೊಂಡು ತಂದೆತಾಯಿಯರು ಜನರ ಪ್ರವಾಹಕ್ಕೆ ಎದುರಾಗಿ ನುಗ್ಗಿದರು. ಇದರಲ್ಲಿ ಖಳನಾಯಕರು ಯಾರೂ ಇಲ್ಲ ಎಂದು ವರದಿ ಹೇಳಿತು. ನನಗೆ ಆ ಮಾತು ಇವತ್ತಿಗೂ ಸಮಾಧಾನ ಕೊಡುವುದಿಲ್ಲ. ಕಟ್ಟಿಸಿದವರು ವಾಸ್ತುಶಿಲ್ಪಿ ನೋಡಿದ್ದಾರೆ ಅಂದುಕೊಂಡರು. ನಡೆಸುವವರು ಕಟ್ಟಿಸಿದವರು ನೋಡಿದ್ದಾರೆ ಅಂದುಕೊಂಡರು. ಅನುಮತಿ ಕೊಟ್ಟವರು ಇನ್ನಾರೋ ನೋಡುತ್ತಾರೆ ಅಂದುಕೊಂಡರು. ಯಾರೂ ನೋಡಿರಲಿಲ್ಲ. "ಕಟ್ಟಡ ಅವರದು", "ನಡೆಸುವುದು ಇವರು" ಎಂಬ ಎರಡು ಉತ್ತರ ನಿಮಗೆ ಬಂದಿದೆಯಲ್ಲ, ಅದನ್ನು ಓದಿದಾಗ ನನಗೆ ನೆನಪಾದದ್ದು ಇದೇ.

ನಿಮ್ಮ ಎರಡನೇ ಪ್ರಶ್ನೆ: ಕೌನ್ಸಿಲ್ ಏನನ್ನು ನೋಡಬೇಕು? ನನ್ನ ಅನುಭವದಲ್ಲಿ ಹೆಚ್ಚಿನ ಕೌನ್ಸಿಲ್‌ಗಳು ನೋಡುವುದು ಕಂಪನಿ ಕಳುಹಿಸುವ ಮಾಸಿಕ ವರದಿಯನ್ನು. ಎಷ್ಟು ಜನ ಬಂದರು, ಎಷ್ಟು ದೂರು, ಎಷ್ಟು ಅಪಘಾತ, ಎಲ್ಲಕ್ಕೂ ಹಸಿರು, ಹಳದಿ, ಕೆಂಪು ಬಣ್ಣ. ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿದೆ. ಹಸಿರು ಕಂಡರೆ ಸಹಿ ಹಾಕುತ್ತಿದ್ದೆ.

ಒಂದು ಚಳಿಗಾಲದ ಬೆಳಿಗ್ಗೆ ಬೇರೆ ಕೆಲಸಕ್ಕೆ ಹೋಗುವಾಗ ದಾರಿಯಲ್ಲಿದ್ದ ಒಂದು ಕೇಂದ್ರದ ಒಳಗೆ ಸುಮ್ನೆ ಹೊಕ್ಕೆ. ಏಳೂಕಾಲು ಗಂಟೆ. ಅವತ್ತಿನ ಪಾಳಿ ಪಟ್ಟಿಯಲ್ಲಿ ಇಬ್ಬರು ಲೈಫ್‌ಗಾರ್ಡ್ ಹೆಸರಿತ್ತು. ಕೊಳದ ಬಳಿ ಇದ್ದದ್ದು ಒಬ್ಬಳು. ಇನ್ನೊಬ್ಬ ರಿಸೆಪ್ಷನ್‌ನಲ್ಲಿ ಟಿಕೆಟ್ ಕೊಡುತ್ತಿದ್ದ, ಅಲ್ಲಿಯವರು ರಜೆ ಹಾಕಿದ್ದರು. ಆ ಹುಡುಗಿ ತನ್ನ ಎತ್ತರದ ಕುರ್ಚಿಯಲ್ಲಿ ಶ್ರದ್ಧೆಯಿಂದಲೇ ಕೂತಿದ್ದಳು. ನಾನು ಅವಳ ಪಕ್ಕ ನಿಂತು ನೋಡಿದೆ. ಗಾಜಿನ ಗೋಡೆಯಿಂದ ಬಂದ ಬೆಳಕು ನೀರಿನ ಮೇಲೆ ಬಿದ್ದು, ಆಳದ ಕಡೆಯ ಮೂಲೆ ಬೆಳ್ಳಗೆ ಹೊಳೆಯುತ್ತಿತ್ತು. ತಳ ಕಾಣುತ್ತಲೇ ಇರಲಿಲ್ಲ. ಅಲ್ಲೊಂದು ಮಗು ಮುಳುಗಿದ್ದರೂ ಅವಳಿಗೆ ಕಾಣುತ್ತಿರಲಿಲ್ಲ. ಕುರ್ಚಿ ಎಷ್ಟು ವರ್ಷದಿಂದ ಅಲ್ಲಿದೆ ಎಂದು ಕೇಳಿದೆ. ತಾನು ಸೇರಿದಾಗಿನಿಂದ ಅಲ್ಲೇ ಇದೆ ಎಂದಳು. ಆ ತಿಂಗಳ ವರದಿಯಲ್ಲಿ ಸುರಕ್ಷತೆಯ ಸಾಲು ಹಸಿರಾಗಿಯೇ ಬಂತು. ಯಾಕೆಂದರೆ ಅಪಘಾತ ಆಗಿರಲಿಲ್ಲ. ಅವತ್ತಿನಿಂದ ನಾನು ತಿಳಿಸದೆ ಭೇಟಿ ಕೊಡುವುದನ್ನು ಬಿಡಲಿಲ್ಲ.

ಮುಳುಗುವವರು ಕೈ ಬೀಸಿ ಕೂಗುತ್ತಾರೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಮಕ್ಕಳು ಸಾಮಾನ್ಯವಾಗಿ ಸದ್ದಿಲ್ಲದೆ ಮುಳುಗುತ್ತಾರೆ. ಉಸಿರಿಗೇ ಪರದಾಡುವಾಗ ಕೂಗಲು ಎಲ್ಲಿಂದ ಬರಬೇಕು? ಅದಕ್ಕೇ ಇಲ್ಲಿ ಲೈಫ್‌ಗಾರ್ಡ್‌ಗಳಿಗೆ 10 ಮತ್ತು 20ರ ನಿಯಮ ಕಲಿಸುತ್ತಾರೆ. ತನ್ನ ಪಾಲಿನ ನೀರಿನ ಮೇಲೆ 10 ಸೆಕೆಂಡಿನಲ್ಲಿ ಪೂರ್ತಿ ಕಣ್ಣಾಡಿಸಬೇಕು. ತೊಂದರೆ ಕಂಡರೆ 20 ಸೆಕೆಂಡಿನೊಳಗೆ ಅಲ್ಲಿಗೆ ತಲುಪಬೇಕು. ಇದು ಸಾಧ್ಯವೇ ಎಂದು ತಿಳಿಯಲು ಒಂದೇ ದಾರಿ: ಅಭ್ಯಾಸದ ಗೊಂಬೆಯನ್ನು ಕೊಳದ ತಳದಲ್ಲಿ ಬೇರೆ ಬೇರೆ ಜಾಗದಲ್ಲಿಟ್ಟು, ಪ್ರತಿ ಕುರ್ಚಿಯಿಂದ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಕಾಣುತ್ತದೆಯೇ ಎಂದು ನೋಡುವುದು. ಖರ್ಚಿಲ್ಲದ ಪರೀಕ್ಷೆ. ಮಾಡಿದ್ದಾರೆಯೇ, ಬರೆದಿಟ್ಟಿದ್ದಾರೆಯೇ ಎಂದು ಕೌನ್ಸಿಲ್ ಕೇಳಬೇಕು.

ಒಬ್ಬನೇ ಲೈಫ್‌ಗಾರ್ಡ್ ಇದ್ದ ಎಂದಿರಿ. ಇಲ್ಲಿ ನಿಮಗೆ ಒಂದು ವಿಷಯ ಸರಿಯಾಗಿ ಹೇಳಬೇಕು. ಇಷ್ಟು ಜನಕ್ಕೆ ಇಷ್ಟು ಲೈಫ್‌ಗಾರ್ಡ್ ಎಂದು ಕಾನೂನಿನಲ್ಲಿ ಸಂಖ್ಯೆ ಇಲ್ಲ. ಆರೋಗ್ಯ, ಸುರಕ್ಷತೆ ಕಾನೂನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯುಟಿವ್, ಅಂದರೆ ಎಚ್‌ಎಸ್‌ಇ, ಈಜುಕೊಳಗಳಿಗಾಗಿ ಒಂದು ಮಾರ್ಗದರ್ಶಿ ಹೊರಡಿಸಿದೆ. ಎಚ್‌ಎಸ್‌ಜಿ 179 ಅದರ ಹೆಸರು. 2018ರಲ್ಲಿ ಪರಿಷ್ಕರಿಸಿದ್ದಾರೆ. ಅದರ ಪ್ರಕಾರ ಪ್ರತಿ ಕೊಳವೂ ತನ್ನ ಅಳತೆ, ಆಳ, ಆಕಾರ, ಬರುವ ಜನ ಎಲ್ಲ ನೋಡಿ ರಿಸ್ಕ್ ಅಸೆಸ್‌ಮೆಂಟ್, ಅಂದರೆ ಅಪಾಯದ ಅಂದಾಜು ಮಾಡಬೇಕು. ಅದರಿಂದ ಎರಡು ದಾಖಲೆ ಹುಟ್ಟಬೇಕು. ಒಂದು ದಿನನಿತ್ಯ ಹೇಗೆ ನಡೆಸುತ್ತೇವೆ ಎಂಬುದು, ಇಲ್ಲಿಯವರು ಎನ್‌ಓಪಿ ಎನ್ನುತ್ತಾರೆ. ಇನ್ನೊಂದು ಅನಾಹುತ ಆದರೆ ಏನು ಮಾಡುತ್ತೇವೆ ಎಂಬುದು, ಅದು ಇಎಪಿ. ಯಾವ ಹೊತ್ತಿನಲ್ಲಿ ಎಷ್ಟು ಲೈಫ್‌ಗಾರ್ಡ್ ಎಂದು ಎನ್‌ಓಪಿಯಲ್ಲಿ ಬರೆದಿರಬೇಕು. ಪಾಠದ ಹೊತ್ತಿನಲ್ಲಿ ರಕ್ಷಣೆಯ ತರಬೇತಿ ಇರುವ ಈಜು ಶಿಕ್ಷಕರೇ ಆ ಕೆಲಸ ಮಾಡುವ ಏರ್ಪಾಡೂ ಇರಬಹುದು. ಹಾಗಾಗಿ ಒಬ್ಬನಿದ್ದ ಎಂದ ಮಾತ್ರಕ್ಕೆ ತಪ್ಪು ಎಂದು ನಾನು ಇಲ್ಲಿಂದ ಹೇಳಲಾರೆ. ಆದರೆ ಎನ್‌ಓಪಿಯಲ್ಲಿ ಇಬ್ಬರು ಎಂದಿದ್ದು ಒಬ್ಬನೇ ಇದ್ದರೆ ಅದು ಸ್ಪಷ್ಟವಾಗಿ ತಪ್ಪು. ಕೊಳವನ್ನು ಅಷ್ಟು ಹೊತ್ತು ಮುಚ್ಚಬೇಕಿತ್ತು, ಅಥವಾ ಒಂದು ಭಾಗಕ್ಕೆ ಹಗ್ಗ ಹಾಕಬೇಕಿತ್ತು.

ಲೈಫ್‌ಗಾರ್ಡ್‌ಗಳ ಅರ್ಹತೆಯೂ ಮುಖ್ಯ. ಇಲ್ಲಿ ಹೆಚ್ಚಾಗಿ ಇರುವುದು ರಾಯಲ್ ಲೈಫ್ ಸೇವಿಂಗ್ ಸೊಸೈಟಿಯ ಎನ್‌ಪಿಎಲ್‌ಕ್ಯು ಎಂಬ ಲೈಫ್‌ಗಾರ್ಡ್ ಅರ್ಹತಾ ಪತ್ರ. ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕಿಂತ ಹೆಚ್ಚಾಗಿ ನಡುವಿನ ತಿಂಗಳುಗಳಲ್ಲಿ ಅಭ್ಯಾಸ ನಡೆಯಬೇಕು. ಸಿಬ್ಬಂದಿ ಕೊರತೆ ಬಂದಾಗ ಮೊದಲು ಬಿಟ್ಟುಹೋಗುವುದು ಈ ಅಭ್ಯಾಸವೇ. ಅಭ್ಯಾಸದ ಪುಸ್ತಕದಲ್ಲಿ ಮಾತ್ರ ಟಿಕ್ ಬೀಳುತ್ತಿರುತ್ತದೆ. ಆ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಹದಿನೆಂಟು, ಇಪ್ಪತ್ತು ವಯಸ್ಸು, ಕಡಿಮೆ ಸಂಬಳ, ಒಂದು ಕೊಳದ ತುಂಬ ಜೀವಗಳು ಅವರ ಕಣ್ಣಿನ ಮೇಲೆ. ಅವರಿಗೆ ಹೊತ್ತಿಗೆ ಸರಿಯಾಗಿ ವಿರಾಮ ಕೊಟ್ಟಿದ್ದೀರಾ, ಕೊಳದ ಬಳಿ ಇರುವಾಗ ನೆಲ ಒರೆಸುವ ಕೆಲಸ ಹಚ್ಚಿದ್ದೀರಾ ಎಂದು ಕೇಳುವುದು ಕೂಡ ಕೌನ್ಸಿಲ್‌ನ ಕೆಲಸ.

ಕಣ್ಣಿಗೆ ಕಾಣದ ಕಡೆಗೆ ಬರೋಣ. ಕೊಳದ ಕೆಳಗೆ ಅಥವಾ ಹಿಂದೆ ಪ್ಲಾಂಟ್ ರೂಮ್ ಇರುತ್ತದೆ. ಪಂಪು, ಫಿಲ್ಟರ್, ಕ್ಲೋರಿನ್ ದ್ರಾವಣ, ನೀರಿನ ಹುಳಿ ಹೊಂದಿಸುವ ಆಸಿಡ್ ಎಲ್ಲ ಅಲ್ಲಿ. ಈ ಎರಡು ದ್ರಾವಣ ಒಂದಕ್ಕೊಂದು ಸೇರಿದರೆ ವಿಷಕಾರಿ ಕ್ಲೋರಿನ್ ಗಾಳಿ ಏಳುತ್ತದೆ. 2022ರ ಮಾರ್ಚ್‌ನಲ್ಲಿ ಲಂಡನ್ ಒಲಿಂಪಿಕ್ ಪಾರ್ಕ್‌ನ ಅಕ್ವಾಟಿಕ್ಸ್ ಸೆಂಟರ್‌ನಲ್ಲಿ ರಾಸಾಯನಿಕ ಕ್ರಿಯೆಯಿಂದ ಕ್ಲೋರಿನ್ ಗಾಳಿ ಹೊರಬಂದು ಸುಮಾರು 200 ಜನರನ್ನು ಹೊರಗೆ ಕಳುಹಿಸಬೇಕಾಯಿತು. 29 ಜನರನ್ನು ಆಸ್ಪತ್ರೆಗೆ ಒಯ್ದರು. ಅಷ್ಟು ಹೊಸ, ಅಷ್ಟು ಹೆಸರಾದ ಕಟ್ಟಡದಲ್ಲೇ ಹೀಗಾಗಬಹುದಾದರೆ 1970ರ ದಶಕದ ನಿಮ್ಮೂರಿನ ಕೊಳದ ಪ್ಲಾಂಟ್ ರೂಮ್ ಹೇಗಿದೆ ಎಂದು ಯಾರಾದರೂ ಇಳಿದು ನೋಡಲೇಬೇಕು. ನೀರಿನ ಕ್ಲೋರಿನ್, ಪಿಎಚ್ ದಿನಕ್ಕೆ ಹಲವು ಸಲ ಪರೀಕ್ಷಿಸಿ ಬರೆಯಬೇಕು. ಶವರ್‌ಗಳಲ್ಲಿ ಲೀಜನೆಲ್ಲ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ಬಿಸಿನೀರು ಟ್ಯಾಂಕಿನಲ್ಲಿ 60 ಡಿಗ್ರಿಗಿಂತ ಕೆಳಗಿಳಿಯಬಾರದು, ಶವರ್ ತಲೆಗಳನ್ನು ಮೂರು ತಿಂಗಳಿಗೊಮ್ಮೆಯಾದರೂ ಬಿಚ್ಚಿ ತೊಳೆಯಬೇಕು. ಈ ಲಾಗ್ ಪುಸ್ತಕಗಳನ್ನು ಓದುವುದಕ್ಕೂ ಒಂದು ಕಣ್ಣು ಬೇಕು. ಮೂರು ವಾರ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಅಂಕಿ ಬರೆದಿದ್ದರೆ ಯಾರೂ ನೀರು ಪರೀಕ್ಷಿಸಿಲ್ಲ ಎಂದೇ ನಾನು ಓದುತ್ತಿದ್ದೆ.

ಚಾವಣಿಯ ಮಾತು ಬೇರೆ. 1985ರಲ್ಲಿ ಸ್ವಿಟ್ಜರ್‌ಲೆಂಡಿನ ಉಸ್ಟರ್ ಊರಿನ ಈಜುಕೊಳದ ಕಾಂಕ್ರೀಟ್ ಒಳಚಾವಣಿ ಕುಸಿದು 12 ಜನ ಸತ್ತರು. ಅದನ್ನು ತೂಗುಹಾಕಿದ್ದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳು ಕೊಳದ ಗಾಳಿಯಲ್ಲಿನ ಕ್ಲೋರೈಡ್‌ನಿಂದ ಒಳಗೊಳಗೇ ಬಿರುಕು ಬಿಟ್ಟಿದ್ದವು. ತುಕ್ಕು ಹಿಡಿಯದ ಉಕ್ಕು ಎಂದು ಎಲ್ಲರೂ ನಂಬಿದ್ದರು. ಅದು ಹೊರಗುತ್ತಿಗೆಯ ಕಥೆ ಅಲ್ಲ. ಆದರೆ ರಿಪೇರಿ ಪಟ್ಟಿಯಲ್ಲಿ ಚಾವಣಿ ಸಾಮಾನ್ಯವಾಗಿ ಕೌನ್ಸಿಲ್ ಪಾಲಿಗೆ ಇರುತ್ತದೆ, ಅದರ ಕೆಳಗೆ ದಿನವಿಡೀ ಇರುವವರು ಮಾತ್ರ ಕಂಪನಿಯವರು. ಏಣಿ ಹತ್ತಿ ನೋಡುವವರು ಯಾರು, ಎಷ್ಟು ವರ್ಷಕ್ಕೊಮ್ಮೆ ಎಂದು ಹೆಸರು ಹಾಕಿ ಬರೆದಿರದಿದ್ದರೆ ಯಾರೂ ಹತ್ತುವುದಿಲ್ಲ.

ಈಗ ಒಂದು ತೊಡಕಿನ ವಿಷಯ. ಕಾನೂನು ಜಾರಿ ಮಾಡುವವರು ಯಾರು? ಕೌನ್ಸಿಲ್ ತಾನೇ ನಡೆಸುವ ಕೊಳವಾದರೆ ಪರಿಶೀಲಿಸುವುದು ಎಚ್‌ಎಸ್‌ಇ. ಯಾಕೆಂದರೆ ಕೌನ್ಸಿಲ್ ತನ್ನ ಮೇಲೆ ತಾನೇ ಕೇಸು ಹಾಕಲಾಗದು. ಅದೇ ಕೊಳವನ್ನು ಖಾಸಗಿ ಕಂಪನಿಗೆ ಕೊಟ್ಟರೆ ಸಾಮಾನ್ಯವಾಗಿ ಜಾರಿ ಕೆಲಸ ಜನರ ಆರೋಗ್ಯ, ಸುರಕ್ಷತೆಯ ತಪಾಸಣೆ ಮಾಡುವ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ ಅಧಿಕಾರಿಗಳ ಪಾಲಿಗೆ ಬರುತ್ತದೆ. 1998ರ ನಿಯಮಗಳು ಹೀಗೆ ಹಂಚಿವೆ. ಗಮನಿಸಿದಿರಾ? ಕಟ್ಟಡದ ಮಾಲೀಕ ಕೌನ್ಸಿಲ್. ಗುತ್ತಿಗೆ ಕೊಟ್ಟು ವರದಿ ಓದುವುದು ಕೌನ್ಸಿಲ್‌ನ ಒಂದು ವಿಭಾಗ. ತಪ್ಪಾದರೆ ನೋಟಿಸ್ ಕೊಡುವುದು ಅದೇ ಕೌನ್ಸಿಲ್‌ನ ಇನ್ನೊಂದು ವಿಭಾಗ. ಒಡೆದ ಟೈಲ್‌ಗೆ ಕಾರಣ ಕೌನ್ಸಿಲ್‌ನ ರಿಪೇರಿ ವಿಳಂಬವೇ ಆಗಿದ್ದರೆ ಆ ಅಧಿಕಾರಿಯ ಸ್ಥಿತಿ ಯೋಚಿಸಿ. ಒಳ್ಳೆಯ ಕೌನ್ಸಿಲ್‌ಗಳಲ್ಲಿ ಈ ಇಬ್ಬರ ನಡುವೆ ಗಟ್ಟಿ ಗೋಡೆ ಇರುತ್ತದೆ. ಅಂಥ ಪ್ರಕರಣವನ್ನು ಎಚ್‌ಎಸ್‌ಇಗೆ ದಾಟಿಸುವ ದಾರಿಯೂ ನಿಯಮದಲ್ಲೇ ಇದೆ. ಆ ದಾರಿ ಬಳಸಿ ಎಂದು ನೀವೂ ಕೇಳಬಹುದು.

ಮತ್ತೊಂದು ಬದಲಾವಣೆ ಹೆಚ್ಚಿನವರಿಗೆ ಗೊತ್ತಿಲ್ಲ. 2013ರಲ್ಲಿ ಬಂದ ರಾಷ್ಟ್ರೀಯ ಜಾರಿ ಸಂಹಿತೆಯ ಪ್ರಕಾರ ಕೌನ್ಸಿಲ್ ಇನ್‌ಸ್ಪೆಕ್ಟರ್‌ಗಳು ಅಪಘಾತ ಆಗುವ ಮುಂಚೆಯೇ ತಪಾಸಣೆಗೆ ಹೋಗುವುದು ಹೆಚ್ಚು ಅಪಾಯದ ಪಟ್ಟಿಯಲ್ಲಿರುವ ಕೆಲಸಗಳಿಗೆ, ಅಥವಾ ತೊಂದರೆ ಇದೆ ಎಂಬ ಮಾಹಿತಿ ಸಿಕ್ಕ ಜಾಗಗಳಿಗೆ ಮಾತ್ರ. ಸುಮ್ಮನೆ ಎಲ್ಲ ಕಡೆ ವರ್ಷಕ್ಕೊಮ್ಮೆ ಹೋಗುವ ಕಾಲ ಮುಗಿದಿದೆ. ಆದ್ದರಿಂದ "ಇನ್‌ಸ್ಪೆಕ್ಟರ್ ಬಂದು ನೋಡಿರುತ್ತಾರೆ ಬಿಡಿ" ಎಂದು ನಂಬಿಕೊಂಡು ಕೂರಬೇಡಿ. ನೀವು ಬರೆಯುವ ದೂರೇ ಆ "ಮಾಹಿತಿ". ಅದಿಲ್ಲದೆ ಯಾರೂ ಬರದೇ ಇರಬಹುದು. ಗುತ್ತಿಗೆ ನೋಡಿಕೊಳ್ಳುವ ವಿಭಾಗದ ತಿಳಿಸದೆ ಕೊಡುವ ಭೇಟಿಗಳು ಈಗ ಹಿಂದಿಗಿಂತ ಮುಖ್ಯ ಎಂದು ನಾನು ಹೇಳುವುದೂ ಇದಕ್ಕೇ. ಆದರೆ ಖರ್ಚು ಉಳಿಸಲು ಕೌನ್ಸಿಲ್‌ಗಳು ಕಡಿಮೆ ಮಾಡಿದ್ದು ಅದೇ ವಿಭಾಗವನ್ನು. ನಾನು ಸೇರಿದಾಗ ನಾವು ನಾಲ್ವರು. ಬಿಟ್ಟಾಗ ನಾನೊಬ್ಬ. ಕೇಂದ್ರಗಳು ಅಷ್ಟೇ ಇದ್ದವು.

"ನಾವು ಒಳ್ಳೆಯ ಕಂಪನಿಗೆ ಕೊಟ್ಟಿದ್ದೇವೆ, ಅಲ್ಲಿಗೆ ನಮ್ಮ ಹೊಣೆ ಮುಗಿಯಿತು" ಎಂಬ ವಾದ ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೆ ಎಂಬುದಕ್ಕೆ ಒಂದು ತೀರ್ಪು ಇದೆ. 2000ದ ಜುಲೈನಲ್ಲಿ ಎಸೆಕ್ಸ್‌ನ ಬ್ಯಾಸಿಲ್ಡನ್‌ನಲ್ಲಿ ಶಾಲೆಯ ಈಜು ಪಾಠದ ವೇಳೆ 10 ವರ್ಷದ ಒಬ್ಬ ಬಾಲಕಿ ನೀರಿನಲ್ಲಿ ಅಪಾಯಕ್ಕೆ ಸಿಕ್ಕಿ ಮಿದುಳಿಗೆ ತೀವ್ರ ಪೆಟ್ಟಾಯಿತು. ಶಾಲೆ ನಡೆಸುತ್ತಿದ್ದದ್ದು ಎಸೆಕ್ಸ್ ಕೌಂಟಿ ಕೌನ್ಸಿಲ್. ಪಾಠಕ್ಕೂ ಲೈಫ್‌ಗಾರ್ಡ್‌ಗೂ ಹೊರಗಿನ ಗುತ್ತಿಗೆದಾರರು. ನಮ್ಮ ನೌಕರರಲ್ಲ, ಹಾಗಾಗಿ ನಮ್ಮ ಹೊಣೆಯಲ್ಲ ಎಂದು ಕೌನ್ಸಿಲ್ ವಾದಿಸಿತು. ಕೆಳಗಿನ ಕೋರ್ಟುಗಳು ಒಪ್ಪಿದವು. 2013ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಗು ಶಾಲೆಯ ಸುಪರ್ದಿನಲ್ಲಿದೆ. ಅದಕ್ಕೆ ತನ್ನನ್ನು ತಾನು ಕಾಪಾಡಿಕೊಳ್ಳಲಾಗದು, ಯಾರು ಕಲಿಸಬೇಕೆಂದು ಆರಿಸಲೂ ಆಗದು. ಇಂಥ ಕಡೆ ಕೆಲಸ ಹೊರಗೆ ಕೊಡಬಹುದು, ಕಾಳಜಿಯ ಕರ್ತವ್ಯವನ್ನು ಕೊಡಲಾಗದು ಎಂಬುದು ನ್ಯಾಯಾಧೀಶ ಲಾರ್ಡ್ ಸಂಪ್ಷನ್ ಬರೆದ ಮುಖ್ಯ ತೀರ್ಪಿನ ಸಾರ.

ಇದನ್ನು ನಿಮಗೆ ಹೇಳುವಾಗ ಎಚ್ಚರ ಬೇಕು. ಇದು ಪ್ರತಿ ಈಜುಕೊಳದ ಪ್ರತಿ ಗಾಯಕ್ಕೂ ಅನ್ವಯಿಸುವುದಿಲ್ಲ. ನೀವೇ ಹಣ ಕಟ್ಟಿ, ನೀವೇ ಕರೆದುಕೊಂಡು ಹೋಗುವ ಶನಿವಾರದ ತರಗತಿಯ ಲೆಕ್ಕ ಬೇರೆ. ಅಲ್ಲಿ ಮೊದಲ ಹೊಣೆ ಕಂಪನಿಯದು, ಜೊತೆಗೆ ಕಟ್ಟಡದ ಹಿಡಿತ ಇರುವಷ್ಟು ಮಟ್ಟಿಗೆ ಕೌನ್ಸಿಲ್‌ದು. ಆದರೆ ನಿಮ್ಮ ಮಗಳಿಗೆ 7 ವರ್ಷ. ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಪ್ರೈಮರಿ ಮುಗಿಯುವಷ್ಟರಲ್ಲಿ ಮಗು 25 ಮೀಟರ್ ಈಜಬೇಕು ಎಂದಿದೆ. ಇನ್ನೊಂದೆರಡು ವರ್ಷದಲ್ಲಿ ಶಾಲೆಯವರೇ ಅವಳನ್ನು ಬಸ್ಸಿನಲ್ಲಿ ಕರೆದೊಯ್ಯಬಹುದು, ಬಹುಶಃ ಅದೇ ಕೊಳಕ್ಕೆ. ಅವತ್ತು ಈ ತೀರ್ಪು ಅವಳ ಜೊತೆಗಿರುತ್ತದೆ.

ಈಗ ಮೂರನೇ ಪ್ರಶ್ನೆ, ನೀವು ಮಾಡಬಹುದಾದದ್ದು.

ಮೊದಲು ಆ ಗಾಯ ಸೆಂಟರ್‌ನ ಅಪಘಾತ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಸಾರ್ವಜನಿಕರೊಬ್ಬರಿಗೆ ಅಲ್ಲಿನ ನಿರ್ವಹಣೆಯ ತಪ್ಪಿನಿಂದ ಗಾಯವಾಗಿ, ಅಲ್ಲಿಂದಲೇ ನೇರ ಆಸ್ಪತ್ರೆಗೆ ಚಿಕಿತ್ಸೆಗೆ ಕರೆದೊಯ್ದಿದ್ದರೆ ರಿಡರ್ ಎಂಬ 2013ರ ನಿಯಮದ ಪ್ರಕಾರ ಸೆಂಟರ್ ಅದನ್ನು ವರದಿ ಮಾಡಲೇಬೇಕು. ಮನೆಗೆ ಬಂದು ಬ್ಯಾಂಡೇಜ್ ಕಟ್ಟಿದ್ದರೆ ಅದು ಬೇಕಿಲ್ಲ, ಅಪಘಾತ ಪುಸ್ತಕದ ಸಾಲು ಮಾತ್ರ ಬೇಕು. ಆ ಸಾಲು ಇಲ್ಲದಿದ್ದರೆ ತಿಂಗಳ ವರದಿ ಹಸಿರಾಗಿಯೇ ಇರುತ್ತದೆ.

ಆಮೇಲೆ ಕೌನ್ಸಿಲ್‌ಗೆ ಎರಡು ಬೇರೆ ಬೇರೆ ಮೇಲ್ ಬರೆಯಿರಿ. ಒಂದೇ ಮೇಲ್‌ನಲ್ಲಿ ಸೇರಿಸಬೇಡಿ, ಯಾವುದೋ ಒಂದು ವಿಭಾಗದಲ್ಲಿ ಕೂತುಬಿಡುತ್ತದೆ. ಒಂದು ಎನ್ವಿರಾನ್‌ಮೆಂಟಲ್ ಹೆಲ್ತ್‌ಗೆ: ಟೈಲ್, ಗಾಯ, ತಾರೀಕು, ಹೊತ್ತು, ಲೈಫ್‌ಗಾರ್ಡ್ ಸಂಖ್ಯೆ, ಫೋಟೋ. ಇಷ್ಟೇ, ಸಿಟ್ಟು ಬೇಡ. ಇನ್ನೊಂದು ಮಾಹಿತಿ ಹಕ್ಕಿನ ಅರ್ಜಿ. ನಮ್ಮ ದೇಶದ ಆರ್‌ಟಿಐ ಹಾಗೆ ಇಲ್ಲಿ 2000ದ ಫ್ರೀಡಂ ಆಫ್ ಇನ್ಫರ್ಮೇಷನ್ ಕಾಯ್ದೆ ಇದೆ. ಶುಲ್ಕ ಸಾಮಾನ್ಯವಾಗಿ ಇರುವುದಿಲ್ಲ. 20 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಕಾಯ್ದೆ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ, ಆದರೆ ಕೌನ್ಸಿಲ್ ಪರವಾಗಿ ಕಂಪನಿ ಇಟ್ಟುಕೊಂಡಿರುವ ಮಾಹಿತಿಗೆ ಅನ್ವಯಿಸುತ್ತದೆ. ಸ್ಕಾಟ್ಲೆಂಡಿನಲ್ಲಿ 2014ರಿಂದ ಕೌನ್ಸಿಲ್‌ಗಳು ಕಟ್ಟಿದ ಲೆಷರ್ ಟ್ರಸ್ಟ್‌ಗಳನ್ನೇ ಅಲ್ಲಿನ ಕಾಯ್ದೆಯೊಳಗೆ ತಂದಿದ್ದಾರೆ. ಇಂಗ್ಲೆಂಡ್ ಅಷ್ಟು ದೂರ ಹೋಗಿಲ್ಲ. ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಏನು ಕೇಳಬೇಕು? ಒಪ್ಪಂದದ ರಿಪೇರಿ ಪಟ್ಟಿಯಲ್ಲಿ ಕೊಳದ ಟೈಲ್ ಯಾರ ಪಾಲಿಗಿದೆ? ಕಳೆದ ಎರಡು ವರ್ಷದಲ್ಲಿ ಕೌನ್ಸಿಲ್ ಅಧಿಕಾರಿ ತಿಳಿಸದೆ ಎಷ್ಟು ಸಲ ಭೇಟಿ ಕೊಟ್ಟರು, ಯಾವ ತಾರೀಕಿನಂದು? ಶನಿವಾರದ ಪಾಠದ ಹೊತ್ತಿಗೆ ಎನ್‌ಓಪಿಯಲ್ಲಿ ಎಷ್ಟು ಲೈಫ್‌ಗಾರ್ಡ್ ಎಂದಿದೆ? ಒಪ್ಪಂದದ ಪ್ರಕಾರ ನಡೆಯಲಿಲ್ಲ ಎಂದು ಕಂಪನಿಗೆ ಎಷ್ಟು ಡಿಫಾಲ್ಟ್ ನೋಟಿಸ್ ಕೊಟ್ಟಿದ್ದಾರೆ? ಈ ನಾಲ್ಕು ಸಾಕು. ವ್ಯವಹಾರದ ಗುಟ್ಟು, ಕೊಡಲಾಗದು ಎಂಬ ಉತ್ತರ ಬರಬಹುದು. ಹಣದ ಲೆಕ್ಕಕ್ಕೆ ಆ ಮಾತು ಹೊಂದಬಹುದು. ಭೇಟಿಯ ತಾರೀಕಿನಲ್ಲಿ ಯಾವ ವ್ಯವಹಾರದ ಗುಟ್ಟೂ ಇಲ್ಲ ಎಂದು ಮರುಪರಿಶೀಲನೆ ಕೇಳಿ.

ಉತ್ತರ ಸಿಕ್ಕ ಮೇಲೆ ನಿಮ್ಮ ವಾರ್ಡಿನ ಕೌನ್ಸಿಲರ್ ಹತ್ತಿರ ಹೋಗಿ. ಪ್ರತಿ ಕೌನ್ಸಿಲ್‌ನಲ್ಲೂ ಆಡಳಿತವನ್ನು ಪ್ರಶ್ನಿಸುವ ಒಂದು ವ್ಯವಸ್ಥೆ ಇರುತ್ತದೆ, ಹೆಚ್ಚಿನ ಕಡೆ ಅದು ಸ್ಕ್ರೂಟಿನಿ ಸಮಿತಿ. ಕಂಪನಿಯ ಮ್ಯಾನೇಜರ್‌ನನ್ನು ಅಲ್ಲಿಗೆ ಕರೆಸಿ ಎಲ್ಲರೆದುರು ಕೇಳಬಹುದು. ಕಾಗದಕ್ಕಿಂತ ಇದು ಬೇಗ ಕೆಲಸ ಮಾಡುವುದನ್ನು ಕಂಡಿದ್ದೇನೆ. ಕೌನ್ಸಿಲ್ ಆಗಲೂ "ಕಂಪನಿಯನ್ನು ಕೇಳಿ" ಎಂದರೆ ಅದರ ದೂರು ವ್ಯವಸ್ಥೆಯ ಎಲ್ಲ ಹಂತ ಮುಗಿಸಿ, ವಿಷಯ ತಿಳಿದ 12 ತಿಂಗಳೊಳಗೆ, ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಓಂಬುಡ್ಸ್‌ಮನ್‌ಗೆ ಬರೆಯಿರಿ. ಕೌನ್ಸಿಲ್ ಪರವಾಗಿ ಸೇವೆ ನಡೆಸುವ ಗುತ್ತಿಗೆದಾರನ ತಪ್ಪನ್ನು ಅವರು ಕೌನ್ಸಿಲ್‌ನ ತಪ್ಪಾಗಿಯೇ ನೋಡುತ್ತಾರೆ.

ಬರುವ ಶನಿವಾರ ಹೋದಾಗ ಒಂದು ಸಣ್ಣ ಕೆಲಸ ಮಾಡಿ. ಮಗಳು ನೀರಿಗಿಳಿದ ಮೇಲೆ ಲೈಫ್‌ಗಾರ್ಡ್ ಕುರ್ಚಿಯ ಪಕ್ಕ ಸಾಧ್ಯವಾದಷ್ಟು ಹತ್ತಿರ ನಿಂತು, ಕೊಳದ ತಳ ಎಲ್ಲ ಕಡೆ ಕಾಣುತ್ತದೆಯೇ ನೋಡಿ. ಕಾಣದ ಮೂಲೆ ಇದ್ದರೆ ಅವತ್ತೇ ಡ್ಯೂಟಿ ಮ್ಯಾನೇಜರ್‌ಗೆ ತೋರಿಸಿ, ಹೆಸರು ಕೇಳಿ ಬರೆದುಕೊಳ್ಳಿ. ಆ ಟೈಲ್ ಇನ್ನೂ ಹಾಗೇ ಇದ್ದರೆ ಮತ್ತೊಂದು ಫೋಟೋ ತೆಗೆದು ಮೊದಲ ಮೇಲ್‌ಗೇ ಸೇರಿಸಿ ಕಳುಹಿಸಿ. ರಿಪೇರಿ ಪಟ್ಟಿ ಕೈಗೆ ಬಂದರೆ ನನಗೂ ಕಳುಹಿಸಿ. ಅದನ್ನು ಓದುವುದು ಮೊದಲ ಸಲ ಕಷ್ಟ. ಒಟ್ಟಿಗೆ ಕೂತು ಓದೋಣ.